ಹಿಂದಿನ ಪೆಡಲು

ಸೈಕಲ್ ಸವಾರಿ ಮುಗಿಸಿ ಬಂದ ಚೂಟಿ ಬಾಗಿಲಲ್ಲೇ ನಿಂತು ಪ್ಯಾಂಟಿನ ಕಾಲನ್ನು ಕೆಳಕ್ಕೆ ಎಳೆದುಕೊಂಡಳು. ಗಾಯ ತಾಯಿಯ ಕಣ್ಣಿಗೆ ಬೀಳಬಾರದು ಎಂಬುದು ಅವಳ ಲೆಕ್ಕ. ಆದರೆ ರಕ್ತ ಆಗಲೇ ಕಾಲುಚೀಲದವರೆಗೆ ಇಳಿದಿತ್ತು, ಅದು ಅವಳಿಗೆ ಗೊತ್ತಾಗುವಂತಿರಲಿಲ್ಲ. ಚೂಟಿಗೆ ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ.

"ಏನೇ ಅದು ಕಾಲಲ್ಲಿ?" ತಾಯಿ ಅಡುಗೆಮನೆಯಿಂದಲೇ ಕೇಳಿದರು.

"ಏನಿಲ್ಲಮ್ಮ."

"ಏನಿಲ್ಲದ್ದು ಹೀಗೆ ಕೆಂಪಗೆ ಹರಿಯುತ್ತಾ? ಕೂತ್ಕೋ ಇಲ್ಲಿ."

ಅಷ್ಟರಲ್ಲಿ ಸೊಸೆ ಉದ್ದನೆಯ ಜೋಡಿ ಸೈಕಲ್ಲನ್ನು ಓಣಿಯಂಥ ನಡುಮನೆಯೊಳಗೆ ತಿರುಗಿಸಿ ತಿರುಗಿಸಿ ತಂದು ಗೋಡೆಗೆ ಒರಗಿಸಿದಳು. ಶಾಲೆಯೊಂದರಲ್ಲಿ ಆಟ ಕಲಿಸುವ ಟೀಚರ್ ಅವಳು. ಊರಿನ ಸೈಕಲ್ ಕ್ಲಬ್ಬಿನವರು ಕಣ್ಣು ಕಾಣದವರಿಗಾಗಿ ಇಟ್ಟುಕೊಂಡಿದ್ದ ಆ ಸೈಕಲ್ಲನ್ನು ಕೇಳಿ ತಂದವಳೂ ಅವಳೇ. ಮುಂದೆ ಅವಳು ಕೂತು ಹ್ಯಾಂಡಲ್, ಬ್ರೇಕು ನೋಡಿಕೊಳ್ಳುವುದು. ಹಿಂದೆ ನಾದಿನಿ ಕೂತು ತುಳಿಯುವುದು. ಎರಡೂ ಕಡೆಯ ಪೆಡಲುಗಳನ್ನು ಒಂದೇ ಸರಪಳಿ ಜೋಡಿಸಿರುತ್ತದೆ. ಮುಂದಿನವಳ ಕಾಲು ತಿರುಗಿದರೆ ಹಿಂದಿನವಳದೂ ತಿರುಗಲೇಬೇಕು. ಈ ದಿನ ಏರಿನಲ್ಲಿ ಚೂಟಿಯ ಕಾಲು ಜಾರಿತ್ತು. ಪೆಡಲು ಅವಳಿಗಾಗಿ ಕಾಯದೆ ಒಂದು ಸುತ್ತು ಬಂದು ಮೊಣಕಾಲಿನ ಕೆಳಗೆ ಬಡಿದಿತ್ತು.

"ಇಷ್ಟು ವರ್ಷ ಇವಳನ್ನ ಒಂದು ಗೀರೂ ಬೀಳದ ಹಾಗೆ ನೋಡ್ಕೊಂಡೆ," ತಾಯಿ ಹತ್ತಿ ಅದ್ದುತ್ತಾ ಹೇಳಿದರು. ಮಾತು ಮಗಳ ಕಾಲಿಗೆ, ಕೇಳಬೇಕಾದವಳು ಸೊಸೆ.

"ಸುಳ್ಳು ಹೇಳ್ಬೇಡಮ್ಮ," ಎಂದಳು ಚೂಟಿ. "ಒಲೆ ಹತ್ರ ನಾನು ಕೈ ಸುಟ್ಕೊಂಡಾಗೆಲ್ಲ ನೀನು ಹಾಸ್ಟೆಲ್ಲಲ್ಲಿ ಬೇರೆಯವರ ಮಕ್ಕಳಿಗೆ ಅನ್ನ ಮಾಡ್ತಿದ್ದೆ."

ತಾಯಿ ಹತ್ತಿಯನ್ನು ಬೇಕೆಂದೇ ಸ್ವಲ್ಪ ಜೋರಾಗಿ ಒತ್ತಿದರು.

ಊಟಕ್ಕೆ ನಾಲ್ವರೂ ಕೂತರು. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್; ಎಷ್ಟು ತೊಳೆದರೂ ಉಗುರಿನ ಸಂದಿಯ ಗ್ರೀಸ್ ಹೋಗದ ಕೈಯಲ್ಲಿ ಅನ್ನ ಕಲಸುತ್ತಿದ್ದ. ಸೊಸೆ ಸಮಯ ನೋಡಿ ಮಾತು ತೆಗೆದಳು.

"ಕಾಲು ಜಾರದ ಹಾಗೆ ಬೇರೆ ಪೆಡಲ್ ಸಿಗುತ್ತೆ. ಕ್ಲಿಪ್‌ಲೆಸ್ ಅಂತ. ಶೂ ಅಡಿಯಲ್ಲಿ ಒಂದು ಲೋಹದ ಚೂರು ಇರುತ್ತೆ, ಕ್ಲೀಟ್ ಅಂತಾರೆ. ಅದು ಹೋಗಿ ಪೆಡಲಿಗೆ ಕಚ್ಚಿಕೊಳ್ಳುತ್ತೆ. ಬಿಡಿಸ್ಕೋಬೇಕು ಅಂದ್ರೆ ಹಿಮ್ಮಡೀನ ಹೊರಗಡೆ ತಿರುಗಿಸಿದ್ರೆ ಸಾಕು."

"ಕ್ಲಿಪ್ಪೇ ಇಲ್ಲ ಅಂತ ಹೆಸರು, ಕಚ್ಚೋದು ಮಾತ್ರ ಮೊಸಳೆ ಥರ," ಎಂದ ಮಗ.

ತಾಯಿ ನಗಲಿಲ್ಲ. "ಕಣ್ಣಂತೂ ಕೊಡಲಿಲ್ಲ ದೇವರು. ಈಗ ಕಾಲನ್ನೂ ಕಟ್ಟಿಹಾಕ್ತೀರಾ ಅವಳಿಗೆ?"

"ಕಟ್ಟಿಹಾಕೋದಲ್ಲ ಅತ್ತೆ..."

"ನಂಗೆ ಗೊತ್ತಮ್ಮ, ನೀನು ಓದಿದೋಳು. ಬಿದ್ರೆ ಏಳೋದು ಹೇಗೆ ಅಂತ ನಿನ್ನ ಪುಸ್ತಕದಲ್ಲಿ ಬರೆದಿರುತ್ತಾ?"

"ಅಮ್ಮ ಹೇಳೋದೂ ಸರಿ," ಎಂದ ಮಗ ಹೆಂಡತಿಯ ಕಡೆ ನೋಡದೆ. "ಬೇಡ ಬಿಡು. ಸೈಕಲ್ಲೂ ವಾಪಸ್ ಕೊಟ್ಬಿಡಿ. ಈ ನಡುಮನೇಲಿ ನನಗೆ ನಡೆಯೋಕೂ ಜಾಗ ಇಲ್ಲ."

ಚೂಟಿ ತಟ್ಟೆಯನ್ನು ಮುಂದಕ್ಕೆ ಸರಿಸಿದಳು. "ನನ್ನ ಕಾಲಿನ ವಿಷಯ ನಡೀತಾ ಇದೆ ಅಲ್ವಾ? ಸುಮ್ನೆ ಕೇಳ್ದೆ. ಯಾರೂ ನನ್ನ ಕೇಳಲಿಲ್ಲ, ಅದಕ್ಕೆ."

ತಾಯಿ ಅವಳ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದರು.

ಆ ರಾತ್ರಿಯಿಂದ ಚೂಟಿ ಅಣ್ಣನ ಜತೆ ಮಾತು ಬಿಟ್ಟಳು. ಪೂರ್ತಿ ಬಿಟ್ಟಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಅವಳು ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ನೋಡಿಕೊಳ್ಳುವವಳು. ಅಣ್ಣ ಏನು ಕೇಳಿದರೂ ಆ ಕೆಲಸದ ದನಿಯಲ್ಲೇ ಉತ್ತರ ಬರತೊಡಗಿತು. "ಟವೆಲ್ ಎಲ್ಲಿ?" ಎಂದರೆ, "ನಮಸ್ಕಾರ. ದಯವಿಟ್ಟು ಕಾಯಿರಿ." "ಅಮ್ಮ ಎಲ್ಲಿ?" ಎಂದರೆ, "ಅವರು ಈಗ ಲಭ್ಯವಿಲ್ಲ." ಸೊಸೆ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋಗುತ್ತಿದ್ದಳು. ಒಂದು ವಾರ ಹೋಗುವಷ್ಟರಲ್ಲಿ ಮಗ ಸೋತ. ಆದರೆ ಸೋತಿದ್ದೂ ತನ್ನದೇ ರೀತಿಯಲ್ಲಿ. ಒಂದು ಸಂಜೆ ಡಿಪೋದಿಂದ ಬರುವಾಗ ಚೀಲವೊಂದನ್ನು ತಂದು ತಂಗಿಯ ತೊಡೆಯ ಮೇಲಿಟ್ಟ. ಅದರಲ್ಲಿ ಒಂದು ಜತೆ ಸೈಕಲ್ ಶೂ, ಎರಡು ಪೆಡಲು.

"ಗೊತ್ತಿರೋರೊಬ್ಬರು ಸೈಕಲ್ ಓಡಿಸೋದು ಬಿಟ್ಟಿದ್ರು, ಅವರ ಹತ್ರ ತಗೊಂಡೆ. ನಿನ್ನ ಚಪ್ಪಲಿ ಅಳತೆ ತಗೊಂಡು ಹೋಗಿದ್ದೆ. ರೇಸಿನವರು ಹಾಕೋ ಶೂ, ಗೊತ್ತಾಯ್ತಾ?"

ಚೂಟಿ ಶೂಗಳನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಮರದ ಹಲಗೆಯಂಥ ಅಡಿ. ಮುಂಗಾಲಿನ ಕೆಳಗೆ ಹೊರಗೆ ಚಾಚಿಕೊಂಡ ದಪ್ಪನೆಯ ಕ್ಲೀಟು. ಹಾಕಿಕೊಂಡು ನಿಂತಾಗ ಅವಳಿಗೆ ನೆಲವೇ ಕಾಣೆಯಾದಂತಾಯಿತು. ನಡುಮನೆಯ ಒರಟು ಸಿಮೆಂಟು, ಅಡುಗೆಮನೆಯ ನುಣುಪು, ಹೊಸ್ತಿಲ ಹತ್ತಿರ ಸವೆದ ಕಲ್ಲು, ಎಲ್ಲವೂ ಅವಳಿಗೆ ಪಾದದಿಂದಲೇ ಪರಿಚಯ. ಈಗ ಎಲ್ಲಿ ಹೆಜ್ಜೆ ಇಟ್ಟರೂ ಒಂದೇ, ಟಕ್ ಎಂಬ ಸದ್ದು. ಜತೆಗೆ ಬಲಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು.

"ಹೇಗಿದೆ?" ಅಣ್ಣನ ದನಿ ಕೆಳಗಿನಿಂದ ಬಂತು. ಆಗಲೇ ಮಂಡಿಯೂರಿ ಪೆಡಲು ಜೋಡಿಸುತ್ತಿದ್ದ.

"ಚೆನ್ನಾಗಿದೆ," ಎಂದಳು.

"ಬಿಗಿ ಇದೆಯಾ?"

"ಶೂ ಅಂದ್ಮೇಲೆ ಸ್ವಲ್ಪ ಇರುತ್ತೆ."

"ಬಿಗಿ ಇರ್ಬೇಕು. ಸಡಿಲ ಇದ್ರೆ ಮತ್ತೆ ಜಾರ್ತೀಯ." ಪೆಡಲಿನ ಹಿಂದೆ ಸ್ಪ್ರಿಂಗನ್ನು ಹೆಚ್ಚುಕಡಿಮೆ ಮಾಡುವ ಸಣ್ಣ ತಿರುಪು ಇತ್ತು. ಅವನು ಅದಕ್ಕೆ ಪಾನಾ ಹಾಕಿ ತಿರುಗುವಷ್ಟೂ ತಿರುಗಿಸಿದ. "ಈಗ ಯಾವ ದೆವ್ವ ಬಂದು ಎಳೆದ್ರೂ ಕಾಲು ಅಲ್ಲಾಡಲ್ಲ."

ತಾಯಿ ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋಗಿ ನಲ್ಲಿ ತಿರುಗಿಸಿದರು.

ಗೋಡೆ ಹಿಡಿದುಕೊಂಡು ಅಭ್ಯಾಸ ನಡೆಯಿತು. ಆ ಪೆಡಲಿಗೆ ಕಚ್ಚುವ ಮುಖ ಒಂದೇ. ಅದು ಅಡಿಮೇಲಾಗಿದ್ದರೆ ಶೂ ತುದಿಯಿಂದ ತಡಕಾಡಿ ತಿರುಗಿಸಬೇಕು. ಎಡಗಾಲು ಹೇಗೋ ಬಿಡುತ್ತಿತ್ತು. ಬಲಗಾಲನ್ನು ಬಿಡಿಸಲು ಚೂಟಿ ಇಡೀ ಮೈಯನ್ನೇ ತಿರುಚಬೇಕಾಗುತ್ತಿತ್ತು.

"ಕಷ್ಟ ಆಗ್ತಿದೆಯಾ?" ಸೊಸೆ ಕೇಳಿದಳು.

"ಹೊಸದು ಅತ್ತಿಗೆ, ಪಳಗಬೇಕು. ಅಣ್ಣನ ಮುಂದೆ ಏನೂ ಹೇಳ್ಬೇಡಿ. ಮೊದಲನೇ ಸಲ ಒಪ್ಪಿದ್ದಾನೆ."

ಕೆಲವು ದಿನ ಸವಾರಿ ಚೆನ್ನಾಗಿಯೇ ನಡೆಯಿತು. ಏರಿನಲ್ಲಿ ಕಾಲು ಜಾರಲಿಲ್ಲ; ಹಿಂದಿನಿಂದ ಬರುವ ಬಲ ಸೊಸೆಗೇ ಗೊತ್ತಾಗುತ್ತಿತ್ತು. ಮನೆಗೆ ಬಂದು ಶೂ ಬಿಚ್ಚಿದ ಮೇಲೆ ಮಾತ್ರ ಚೂಟಿ ಹಾಸಿಗೆಯ ಮೇಲೆ ಕೂತು ಬೆರಳುಗಳನ್ನು ಒಂದೊಂದಾಗಿ ತೀಡಿಕೊಳ್ಳುತ್ತಿದ್ದಳು. ಜೋಮು ಬಿಡಲು ಹೊತ್ತು ಹಿಡಿಯುತ್ತಿತ್ತು.

ಅವರು ಬಿದ್ದದ್ದು ಬೇಕರಿಯ ಮುಂದಿನ ಕೂಡುರಸ್ತೆಯಲ್ಲಿ. ಎಡಗಡೆಯಿಂದ ವ್ಯಾನೊಂದು ನುಗ್ಗಿತು. ಸೊಸೆ ಬ್ರೇಕ್ ಒತ್ತಿ ಹ್ಯಾಂಡಲನ್ನು ಬಲಕ್ಕೆಳೆದಳು. "ನಿಲ್ಲು" ಎಂಬ ಮಾತು ಬ್ರೇಕಿನ ಹಿಂದೆಯೇ ಬಂತು, ಮುಂಚೆ ಬರಲಿಲ್ಲ. ಸೈಕಲ್ಲು ಬಲಕ್ಕೆ ವಾಲಿತು. ಚೂಟಿ ಬಲಗಾಲಿನ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದಳು. ಜೋಮು ಹಿಡಿದ ಕಾಲು ತಿರುಗಿತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಪೆಡಲಂತೂ ಬಿಡಲಿಲ್ಲ. ಇಬ್ಬರೂ ಸೈಕಲ್ ಸಮೇತ ಉರುಳಿದರು. ಸೊಸೆಯ ಕೈ ಹ್ಯಾಂಡಲಿನ ಕೆಳಗೆ ಸಿಕ್ಕಿತು.

ವ್ಯಾನಿನವನು ಇಳಿದು ಬಂದು ಚೂಟಿಯ ಕಾಲನ್ನು ಎಳೆದು ನೋಡಿದ. ಬರಲಿಲ್ಲ. ಕೊನೆಗೆ ಅವಳೇ ಶೂ ಪಟ್ಟಿ ಬಿಚ್ಚಿ ಕಾಲನ್ನು ಹೊರಗೆ ತೆಗೆದಳು. ಶೂ ಪೆಡಲಿಗೆ ಕಚ್ಚಿಕೊಂಡೇ ಉಳಿಯಿತು. ಒಂದು ಕಾಲಿಗೆ ಬರೀ ಕಾಲುಚೀಲ ಹಾಕಿಕೊಂಡು ನಡುರಸ್ತೆಯಲ್ಲಿ ನಿಂತು, "ಅತ್ತಿಗೆ, ಎಲ್ಲಿದ್ದೀರ? ಮಾತಾಡಿ," ಎಂದು ಕೂಗಿದಳು. ಸೊಸೆಗೆ ನೋವಿನಿಂದ ದನಿ ಹೊರಡಲು ಸ್ವಲ್ಪ ಹೊತ್ತಾಯಿತು.

ಸೊಸೆಯ ಬಲ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಪ್ಲಾಸ್ಟರ್ ಹಾಕಿದರು.

ಮನೆಯ ಕೆಲಸವೆಲ್ಲ ತಲೆಕೆಳಗಾಯಿತು. ತಾಯಿ ಹಾಸ್ಟೆಲ್ಲಿನಲ್ಲಿ ಬೇಯಿಸಿ ಬಂದು ಮನೆಯಲ್ಲೂ ಬೇಯಿಸಬೇಕಾಯಿತು. ಮಗ ತರಕಾರಿ ಹೆಚ್ಚಿದ, ಚೂಟಿ ಪಾತ್ರೆ ತೊಳೆದಳು. ಸೊಸೆ ಎಡಗೈಯಲ್ಲಿ ಚಮಚ ಹಿಡಿದು ತಲೆ ತಗ್ಗಿಸಿ ಉಣ್ಣುತ್ತಿದ್ದಳು. ತಾಯಿ ಮೊದಲೆರಡು ದಿನ ಪಾತ್ರೆಗಳ ಮೂಲಕ ಮಾತಾಡಿದರು. ಮೂರನೆಯ ದಿನ ಬಾಯಿಯಿಂದಲೇ ಬಂತು.

"ಕಣ್ಣಿರೋಳು ಅಂತ ತಾನೇ ನಿನ್ನ ಮುಂದೆ ಕೂರಿಸಿದ್ದು? ಅಷ್ಟು ದೊಡ್ಡ ವ್ಯಾನು ಕಾಣಲಿಲ್ವಾ?"

"ಕಾಣಿಸ್ತು ಅತ್ತೆ. ಹೇಳೋದು ತಡ ಆಯ್ತು."

"ತಡ ಆಯ್ತು. ಅವಳ ತಲೆ ಒಡೆದಿದ್ರೆ ಆಗಲೂ ತಡ ಆಯ್ತು ಅಂತಿದ್ದೆ."

"ಅಮ್ಮ, ಸಾಕು," ಎಂದಳು ಚೂಟಿ. "ಬಿದ್ದಿದ್ದು ನನ್ನ ಕಾಲಿಂದ. ಶೂ ಬಿಗಿ ಇತ್ತು. ಮೊದಲ ದಿನದಿಂದ ಇತ್ತು. ಬೆರಳು ಜೋಮು ಹಿಡೀತಿತ್ತು, ನಾನೇ ಹೇಳಲಿಲ್ಲ."

"ಯಾಕೆ ಹೇಳಲಿಲ್ಲ?" ಎಂದ ಮಗ.

"ಹೇಳಿದ್ರೆ ನೀನು ಸೈಕಲ್ ವಾಪಸ್ ಕೊಡು ಅಂತಿದ್ದೆ."

ಮಗ ಎದ್ದು ಕೈ ತೊಳೆಯಲು ಹೋದ. ತಾಯಿ ಸೊಸೆಯ ಮೇಲಿನ ಸಿಟ್ಟನ್ನೇನೂ ಇಳಿಸಲಿಲ್ಲ. "ನೀನು ಸಣ್ಣೋಳು, ಗೊತ್ತಾಗಲಿಲ್ಲ. ಇವಳಿಗಾದ್ರೂ ಗೊತ್ತಾಗ್ಬೇಕಿತ್ತು," ಎಂದರು. ಚೂಟಿ ಸಣ್ಣವಳೇನೂ ಅಲ್ಲ, ಅತ್ತಿಗೆಯದೇ ವಯಸ್ಸು.

ಅದರ ಮಾರನೆಯ ದಿನ ಕ್ಲಬ್ಬಿನಿಂದ ಫೋನ್ ಬಂತು. ಬೇರೆ ಇಬ್ಬರು ಈ ಸೈಕಲ್ಲಿಗಾಗಿ ಕಾಯುತ್ತಿದ್ದಾರೆ, ನೀವು ಓಡಿಸದಿದ್ದರೆ ತಿಂಗಳ ಕೊನೆಗೆ ವಾಪಸ್ ಬೇಕು ಎಂದರು. ಫೋನ್ ಎತ್ತಿದವಳು ಚೂಟಿ. "ಓಡಿಸ್ತೀವಿ," ಎಂದು ಇಟ್ಟುಬಿಟ್ಟಳು.

ಅಣ್ಣ ಡಿಪೋಗೆ ಹೋದ ಹೊತ್ತು ನೋಡಿ ಅವಳು ಪೆಡಲು ಬಿಚ್ಚಲು ಕೂತಳು. ಅತ್ತಿಗೆ ಮಂಚದ ಮೇಲಿನಿಂದಲೇ ಹೇಳಿಕೊಟ್ಟಳು. "ಬಲಗಡೇದು ಮಾಮೂಲಿ. ಎಡಗಡೇದು ಉಲ್ಟಾ ತಿರುಗಿಸ್ಬೇಕು." ಕೈಯೆಲ್ಲ ಗ್ರೀಸ್ ಮಾಡಿಕೊಂಡು ಎರಡನ್ನೂ ಬಿಚ್ಚಿ, ಶೂ ಜತೆ ಚೀಲಕ್ಕೆ ಹಾಕಿ, ತಾಯಿಯ ಮುಂದೆ ನಿಂತಳು.

"ಸೈಕಲ್ ಅಂಗಡಿಗೆ ಹೋಗ್ಬೇಕು. ನೀನು ಬರದಿದ್ರೆ ನಾನೊಬ್ಬಳೇ ಬಸ್ ಹತ್ತಿ ಹೋಗ್ತೀನಿ."

"ಇಷ್ಟಾದ್ರೂ ಬುದ್ಧಿ ಬರಲಿಲ್ವಾ ನಿಂಗೆ?"

"ಬಂತು. ಅದಕ್ಕೇ ಈ ಸಲ ನನ್ನ ಕಾಲನ್ನೂ ಕರ್ಕೊಂಡು ಹೋಗ್ತಿದ್ದೀನಿ."

ಅಂಗಡಿ ನಡೆಸುತ್ತಿದ್ದುದು ಒಬ್ಬ ನಡುವಯಸ್ಸಿನ ಹೆಂಗಸು. ಚೂಟಿಯ ಕೈಯ ಕೋಲು ನೋಡಿ ಅವಳು ತಾಯಿಯ ಕಡೆ ತಿರುಗಿದಳು. "ಇವರಿಗೆ ಸೈಜ್ ಎಷ್ಟು?"

"ಆರು," ಎಂದರು ತಾಯಿ.

"ಅದು ನಾನು ಸ್ಕೂಲಲ್ಲಿದ್ದಾಗ," ಎಂದಳು ಚೂಟಿ.

"ಅಗಲ ಜಾಸ್ತಿನಾ ಪಾದ?"

"ಇಲ್ಲ, ನಮ್ಮ ಮನೇಲಿ ಎಲ್ಲರದ್ದೂ ಸಣ್ಣ ಪಾದ," ತಾಯಿಯೇ ಮತ್ತೆ ಹೇಳಿದರು. "ಇವಳಿಗೆ ಕಾಲು ಜಾರೋದು ಒಂದು ತಪ್ಪಬೇಕು. ಗಟ್ಟಿ ನೋಡಿ ಕೊಡಿ."

"ಅಮ್ಮ, ನೀನು ಹೊರಗೆ ಕೂತಿರು."

"ನಾನ್ಯಾಕೆ ಹೊರಗೆ ಕೂರಲಿ? ನಿಂಗೆ ಕಾಣುತ್ತಾ ಯಾವುದು ಏನು ಅಂತ?"

"ಕಾಣಲ್ಲ. ನಿಂಗೆ ನನ್ನ ಬೆರಳು ಕಾಣುತ್ತಾ, ಶೂ ಒಳಗೆ? ಹೋಗಮ್ಮ. ದಮ್ಮಯ್ಯ, ಹೋಗು."

ಅಂಗಡಿಯವಳು ರಟ್ಟಿನ ಡಬ್ಬಗಳ ಕಡೆ ತಿರುಗಿ ಏನೋ ಹುಡುಕುವವಳಂತೆ ನಿಂತಳು. ತಾಯಿ ಮುಖ ಕೆಂಪಗೆ ಮಾಡಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತರು. ಬಾಗಿಲು ತೆರೆದೇ ಇತ್ತು. ಬೆನ್ನು ಒಳಗಡೆಗೆ ಮಾಡಿ ಕೂತಿದ್ದರೂ ಕಿವಿ ಅಲ್ಲೇ ಇತ್ತು.

ಅಂಗಡಿಯವಳು ಚೂಟಿಯನ್ನು ನಿಲ್ಲಿಸಿಯೇ ಪಾದ ಅಳೆದಳು. ಬಲಗಾಲು ಎಡಗಾಲಿಗಿಂತ ಸ್ವಲ್ಪ ದೊಡ್ಡದು, ಬೆರಳುಗಳ ಹತ್ತಿರ ಅಗಲ. "ದೊಡ್ಡ ಕಾಲಿಗೆ ಸರಿಯಾಗಿ ತಗೊಳ್ಳಿ. ಸವಾರಿಗೆ ಹಾಕೋ ಕಾಲುಚೀಲಾನೇ ಹಾಕಿದ್ದೀರಲ್ಲ? ಒಳ್ಳೇದು. ಬೆರಳು ಆಡಿಸಿ ನೋಡಿ. ಮುಂದೆ ತಾಗಬಾರದು, ಹಿಂದೆ ಹಿಮ್ಮಡಿ ಏಳಬಾರದು."

ಮೊದಲ ಜತೆ ಹಿಮ್ಮಡಿಯಲ್ಲಿ ಎದ್ದಿತು. ಎರಡನೆಯದರಲ್ಲಿ ಪಾದದ ಪಕ್ಕ ಒತ್ತಿತು. ಚೂಟಿ ಎರಡನ್ನೂ ಮುಲಾಜಿಲ್ಲದೆ ಬೇಡವೆಂದಳು. ಮೂರನೆಯದರಲ್ಲಿ ಎದ್ದು, ಕೋಲು ಬಿಟ್ಟು, ಅಂಗಡಿಯ ಉದ್ದಕ್ಕೂ ನಡೆದಳು. ಅದರ ಅಡಿಯಲ್ಲಿ ರಬ್ಬರು. ಸಣ್ಣ ಕ್ಲೀಟು ರಬ್ಬರಿನ ಗುಳಿಯೊಳಗೆ ಕೂರುವಂಥದ್ದು. ಬಾಗಿಲ ಹತ್ತಿರ ಬಂದು ನಿಂತಳು.

"ಇಲ್ಲಿ ಹಾಸುಗಲ್ಲು ಸೇರೋ ಜಾಗ ಒಂಚೂರು ಎದ್ದಿದೆ ಅಲ್ವಾ?"

"ಹೌದು," ಎಂದಳು ಅಂಗಡಿಯವಳು.

"ಹಾಗಾದ್ರೆ ಇದೇ. ಇದರಲ್ಲಿ ನೆಲ ಗೊತ್ತಾಗುತ್ತೆ."

ಪೆಡಲನ್ನೂ ಎರಡೂ ಮುಖದಲ್ಲಿ ಕಚ್ಚುವಂಥದ್ದನ್ನೇ ಆರಿಸಿದಳು. ತಡಕಾಡುವ ಕೆಲಸ ಇಲ್ಲ. ಹಳೆಯದನ್ನು ಏನು ಮಾಡಲಿ ಎಂದು ಚೀಲದಿಂದ ತೆಗೆದುಕೊಟ್ಟಳು. ಅಂಗಡಿಯವಳು ಅದನ್ನು ಬೆಳಕಿಗೆ ಹಿಡಿದಳು.

"ಈ ತಿರುಪನ್ನ ಯಾರು ಇಷ್ಟು ಬಿಗಿ ಮಾಡಿದ್ದು? ರೇಸ್ ಓಡಿಸೋರೂ ಹೀಗೆ ಇಡಲ್ಲ. ಹೊಸಬರಿಗೆ ಪೂರ್ತಿ ಸಡಿಲ ಇರ್ಬೇಕು. ಇದರಿಂದ ನನಗೇ ಕಾಲು ಬಿಡಿಸ್ಕೊಳ್ಳೋಕೆ ಆಗಲ್ಲ."

ಮೆಟ್ಟಿಲ ಮೇಲಿದ್ದ ತಾಯಿ ತಿರುಗಿ ನೋಡಿದರು.

ಅಂಗಡಿಯವಳು ಹೊಸ ಪೆಡಲನ್ನು ಅಂಗಡಿಯಲ್ಲೇ ಸ್ಟ್ಯಾಂಡಿಗೆ ನಿಲ್ಲಿಸಿಟ್ಟ ಒಂದು ಸೈಕಲ್ಲಿಗೆ ಹಾಕಿಕೊಟ್ಟಳು. ಚೂಟಿ ಹತ್ತಿ ಕೂತು ಕಾಲು ಸಿಕ್ಕಿಸುವುದು, ಬಿಡಿಸುವುದು, ಮತ್ತೆ ಸಿಕ್ಕಿಸುವುದು ಮಾಡತೊಡಗಿದಳು. ಪಕ್ಕದಲ್ಲಿ ಯಾರೋ ಬಂದು ಕುಕ್ಕುರುಗಾಲಲ್ಲಿ ಕೂತದ್ದು ತಿಳಿಯಿತು. ತಾಯಿಯ ಕೈ ಅವಳ ಹಿಮ್ಮಡಿಯನ್ನು ಮುಟ್ಟಿತು. ಬಿಡಿಸಿದಾಗೆಲ್ಲ ಆ ಕೈಯೂ ಜತೆಗೆ ಹೊರಕ್ಕೆ ಬಂತು.

"ಇನ್ನೂ ಸಡಿಲ ಆಗುತ್ತಾ?" ತಾಯಿ ಅಂಗಡಿಯವಳನ್ನು ಕೇಳಿದರು.

"ಇದೇ ಕೊನೆ ಅಮ್ಮ."

"ಬಲಗಾಲು ಇನ್ನೊಂದು ಸಲ ಮಾಡೇ," ಎಂದರು ಮಗಳಿಗೆ.

ಅಂದು ಸಂಜೆ ಮಗನ ತಟ್ಟೆಗೆ ಅನ್ನ ಹಾಕಿ, ಸೌಟನ್ನು ಕೈಯಲ್ಲೇ ಹಿಡಿದು ನಿಂತರು.

"ಆ ಪೆಡಲಿನ ತಿರುಪು ನೀನು ತಿರುಗಿಸಿದ್ದೇನೋ?"

ಮಗನ ಕೈ ನಿಂತಿತು. "ಜಾರಬಾರದು ಅಂತ ಮಾಡ್ದೆ."

"ಬಿದ್ದ ಮೇಲೆ ನಿಂಗೆ ಹೊಳೀಲಿಲ್ವಾ?"

ಅವನು ಕಲಸಿದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದ.

"ಹೊಳೀತು," ಎಂದಳು ಚೂಟಿ. "ಬಿದ್ದ ದಿನ ಸಂಜೆ ನಡುಮನೇಲಿ ಸೈಕಲ್ ಹತ್ರ ಕೂತಿದ್ದೆ ನೀನು. ಉಸಿರಾಟ ಕೇಳಿಸ್ತು ನಂಗೆ. ಏನು ಮಾಡ್ತಿದ್ದಾನೆ ಅಂತ ಆಗ ಗೊತ್ತಾಗಲಿಲ್ಲ."

"ಏನಂತ ಹೇಳಲಿ? ನಾನು ದಿನಾ ಬಸ್ಸಿನ ಬ್ರೇಕ್ ಬಿಗಿ ಮಾಡೋನು. ಬಿಗಿ ಮಾಡಿದ್ರೆ ಜನ ಬದುಕ್ತಾರೆ ಅಂತಾನೇ ಗೊತ್ತು ನಂಗೆ." ಅವನ ದನಿ ಏರಿತು, ಹಾಗೆಯೇ ಇಳಿಯಿತು. "ಅಮ್ಮ ಇವಳನ್ನ ಬೈತಾ ಇದ್ರು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂತಾನೇ..."

ಸೊಸೆ ಚಮಚ ಕೆಳಗಿಟ್ಟಳು. ಗಂಡನನ್ನೇ ನೋಡಿದಳು. "ನಾನು ಎಡಗೈಲಿ ಉಣ್ಣೋದನ್ನ ಎದುರಿಗೆ ಕೂತು ದಿನಾ ನೋಡ್ತಿದ್ರಲ್ಲ," ಎಂದಳು. ಅಷ್ಟೇ ಹೇಳಿದ್ದು.

ತಾಯಿ ಸೊಸೆಯ ಪಕ್ಕದಲ್ಲಿ ಕೂತರು. "ನಾನು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ ಕಣಮ್ಮ. ಮನಸ್ಸಲ್ಲಿ ಇಟ್ಕೋಬೇಡ."

"ಇಟ್ಕೊಳ್ಳೋದು ಏನಿದೆ ಅತ್ತೆ. ತಿರುಪು ಬಿಗಿ ಇದ್ದಿದ್ದೂ ನಿಜ, ನಾನು ತಡ ಮಾಡಿದ್ದೂ ನಿಜ." ಅವಳು ಪ್ಲಾಸ್ಟರಿನ ಅಂಚನ್ನು ಕೆರೆಯುತ್ತಾ ಹೇಳಿದಳು. "ಇವಳ ಶೂ ಬಂತು, ಪೆಡಲ್ ಬಂತು. ಆದ್ರೆ ನಾನು ಮತ್ತೆ ಮುಂದೆ ಕೂರಲ್ಲ. ನಂಗೆ ಭಯ. ಸೈಕಲ್ ವಾಪಸ್ ಕೊಟ್ಬಿಡೋಣ."

ಇದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಚೂಟಿಗೆ ಸಿಟ್ಟು ನೆತ್ತಿಗೇರಿತು. "ಎಲ್ಲರ ಹತ್ರ ಜಗಳ ಆಡಿ ಕಾಲಿಗೆ ಸರಿಹೊಂದೋದು ತಂದ್ರೆ ಈಗ ನೀವು ಕೈ ಕೊಡ್ತೀರಾ ಅತ್ತಿಗೆ?"

"ಕೊಡೋಕೆ ಇರೋದೇ ಒಂದು ಕೈ," ಎಂದಳು ಸೊಸೆ. ನಗಿಸಲು ಹೇಳಿದ್ದು, ಯಾರೂ ನಗಲಿಲ್ಲ.

ತಿಂಗಳ ಕೊನೆ ಹತ್ತಿರ ಬಂತು. ಪ್ಲಾಸ್ಟರ್ ತೆಗೆದರು, ಮಣಿಕಟ್ಟಿಗೆ ಪಟ್ಟಿ ಸುತ್ತಿ, ಮೆಲ್ಲಗೆ ಕೆಲಸ ಶುರುಮಾಡಬಹುದು ಎಂದರು ಡಾಕ್ಟರು. ಸೊಸೆ ಪಾತ್ರೆ ಎತ್ತಿದಳು, ಸೈಕಲ್ ಮುಟ್ಟಲಿಲ್ಲ. ಗಂಡನಿಗೆ ಕೇಳಿದ್ದಕ್ಕಷ್ಟೇ ಉತ್ತರ. ಕ್ಲಬ್ಬಿಗೆ ಸೈಕಲ್ ಒಪ್ಪಿಸಬೇಕಾದ ದಿನ ಬೆಳಿಗ್ಗೆ ಮಗ ತಾನೇ ಹೊಸ ಪೆಡಲು ಜೋಡಿಸಿದ. ತಿರುಪನ್ನು ಮುಟ್ಟಲಿಲ್ಲ. ಹೆಲ್ಮೆಟ್ ಹಾಕಿಕೊಂಡು ತಂಗಿಯನ್ನು ಕರೆದ.

"ಬಾ. ನಾನು ಮುಂದೆ ಕೂರ್ತೀನಿ."

"ನೀನಾ?"

"ಬೀದಿ ಕೊನೆವರೆಗೆ ಹೋಗಿ ಬರೋಣ. ಕೊಡೋಕೆ ಮುಂಚೆ ನಿನ್ನ ಶೂ ಒಂದು ಸಲನಾದ್ರೂ ಹತ್ತಲಿ."

ತಾಯಿಯೂ ಸೊಸೆಯೂ ಗೇಟಿನ ಹತ್ತಿರ ನಿಂತರು. ಸೈಕಲ್ಲು ಕುಡಿದವನಂತೆ ಬೀದಿಯ ಆ ಬದಿಗೂ ಈ ಬದಿಗೂ ಹೋಯಿತು. "ತಿರುಗೋದಾದ್ರೆ ಹೇಳೋ," ಎಂದು ಚೂಟಿ ಕೂಗುವುದು ಕೇಳಿಸುತ್ತಿತ್ತು. ಮಗನಿಂದ ಹೂಂ ಇಲ್ಲ, ಉಹೂಂ ಇಲ್ಲ. ಬೀದಿ ಮುಗಿದು ದೊಡ್ಡ ರಸ್ತೆ ಸೇರುವಲ್ಲಿ ಬಲಗಡೆಯಿಂದ ಒಂದು ಮೋಟಾರ್‌ಬೈಕು ಬಂತು. ಮಗ ಬ್ರೇಕ್ ಒತ್ತಿದ. ಬಾಯಿಂದ ಒಂದು ಮಾತೂ ಬರಲಿಲ್ಲ.

ತಾಯಿ ಸೊಸೆಯ ತೋಳು ಹಿಡಿದುಕೊಂಡರು.

ಬೈಕಿನ ಸದ್ದು ಹತ್ತಿರವಾಗುತ್ತಿದ್ದಾಗಲೇ ಚೂಟಿಯ ಬಲ ಹಿಮ್ಮಡಿ ಹೊರಕ್ಕೆ ತಿರುಗಿದ್ದನ್ನು ಸೊಸೆ ನೋಡಿದಳು. ಚಕ್ರ ಪೂರ್ತಿ ನಿಲ್ಲುವ ಮೊದಲೇ ಆ ಕಾಲು ನೆಲದ ಮೇಲಿತ್ತು. ಮಗನ ಎರಡೂ ಕಾಲು ಇನ್ನೂ ಪೆಡಲಿನ ಮೇಲೇ ಇದ್ದವು. ಬಲಕ್ಕೆ ವಾಲಿದ ಸೈಕಲ್ಲನ್ನು, ಅದರ ಮೇಲಿದ್ದ ಅಣ್ಣನನ್ನು ಚೂಟಿ ಒಂದೇ ಕಾಲಲ್ಲಿ ತಡೆದು ನಿಲ್ಲಿಸಿದ್ದಳು.

"ಇಳಿಸೋ ಕಾಲು," ಎಂದಳು. "ನಂಗೆ ಭಾರ ಆಗ್ತಿದೆ."

ಸೊಸೆ ಅತ್ತೆಯ ಕೈ ಬಿಡಿಸಿಕೊಂಡು ಬೀದಿಯ ಕೊನೆಯವರೆಗೆ ನಡೆದು ಹೋದಳು. ಗಂಡನ ಮುಂದೆ ನಿಂತು, "ಇಳೀರಿ," ಎಂದಳು.

"ಯಾಕೆ?"

"ಹೇಳಬೇಕಾದಾಗ ನೀವು ಬಾಯಿ ಬಿಡಲ್ಲ. ಇಳೀರಿ. ಹೆಲ್ಮೆಟ್ ಕೊಡಿ."

ಅವನು ಇಳಿದು ಹೆಲ್ಮೆಟ್ ಬಿಚ್ಚಿಕೊಟ್ಟ. ಸೊಸೆ ಅದರ ಪಟ್ಟಿ ಬಿಗಿಮಾಡಿಕೊಂಡು, ಹ್ಯಾಂಡಲ್ ಹಿಡಿದು, ಮಣಿಕಟ್ಟನ್ನು ಒಮ್ಮೆ ಮಡಿಸಿ ನೋಡಿದಳು.

"ನೋವಿದೆಯಾ ಅತ್ತಿಗೆ?" ಚೂಟಿ ಕೇಳಿದಳು.

"ಇದೆ. ಮೆಲ್ಲಗೆ ಹೋಗೋಣ. ಎಡಕ್ಕೆ ತಿರುಗ್ತೀವಿ. ಸಿದ್ಧನಾ?"

ಟಕ್ ಎಂದು ಕಾಲು ಕಚ್ಚಿದ ಸದ್ದು ಬಂತು. "ಸಿದ್ಧ."

ಅವರು ತಿರುವಿನಲ್ಲಿ ಮರೆಯಾದ ಮೇಲೂ ಮಗ ಅಲ್ಲೇ ನಿಂತಿದ್ದ. ಆಮೇಲೆ ಕೈ ಬೀಸಿಕೊಂಡು ವಾಪಸ್ ಬಂದ. ತಾಯಿ ಗೇಟು ತೆಗೆದರು.

"ಕ್ಲಬ್ಬಿನವರಿಗೆ ಫೋನ್ ಮಾಡು, ಸೈಕಲ್ ಇವತ್ತು ಬರಲ್ಲ ಅಂತ," ಎಂದರು. "ಮಾಡಿ ಒಳಗೆ ಬಾ. ಈರುಳ್ಳಿ ಹೆಚ್ಚೋದಿದೆ. ಅವರಿಬ್ಬರೂ ಹಸ್ಕೊಂಡು ಬರ್ತಾರೆ."